ಜ್ಞಾನಕ್ಕೆ ಬೆಲೆ ಕಟ್ಟಬೇಡಿ, ಲೆಕ್ಕ ಕೊಡಿ

ಇನ್ಫೊಸಿಸ್ ಕಂಪನಿಯ 2007–08ರ ವಾರ್ಷಿಕ ವರದಿಯಲ್ಲಿ ಅಪರೂಪದ ಒಂದು ಲೆಕ್ಕವಿತ್ತು. ಕಂಪನಿಯ 91,187 ನೌಕರರ ಒಟ್ಟು ಮೌಲ್ಯ 98,821 ಕೋಟಿ ರೂಪಾಯಿ ಎಂದು ಅಲ್ಲಿ ಬರೆದಿತ್ತು. ಅದರ ಹಿಂದಿನ ವರ್ಷ 72,241 ನೌಕರರಿದ್ದಾಗ ಇದೇ ಮೌಲ್ಯ 57,452 ಕೋಟಿ ಇತ್ತು. ಜನ ಹೆಚ್ಚಿದ್ದು ಶೇ 26ರಷ್ಟು, ಅವರ ಮೌಲ್ಯ ಹೆಚ್ಚಿದ್ದು ಶೇ 72ರಷ್ಟು. ಹನ್ನೆರಡು ತಿಂಗಳಲ್ಲಿ ಒಬ್ಬೊಬ್ಬ ಎಂಜಿನಿಯರನ ತಲೆಯೊಳಗೆ ಅಷ್ಟೊಂದು ವಿದ್ಯೆ ತುಂಬಿಕೊಂಡಿತೆ? ಇಲ್ಲ. ಸಂಬಳ ಏರಿತ್ತು ನಿಜ. ಆದರೆ ಅದೇ ಲೆಕ್ಕದೊಳಗೆ ಇನ್ನೊಂದು ಕಾರಣವಿತ್ತು. ಭವಿಷ್ಯದ ಗಳಿಕೆಯನ್ನು ಇಂದಿನ ಬೆಲೆಗೆ ಇಳಿಸಲು ಬಳಸಿದ ಬಡ್ಡಿದರ ಶೇ 14.97ರಿಂದ ಶೇ 13.32ಕ್ಕೆ ಇಳಿದಿತ್ತು.

ನಾನು ಲಕ್ಷ್ಮೇಶ್ವರ ತಾಲ್ಲೂಕಿನ ಯಳವತ್ತಿಯವನು. ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುತ್ತಲೇ ನೌಕರಿ ಮುಗಿಸಿದವನು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಈ ಸೀಮೆಯ ರೈತರು ಶೇರುದಾರರಾಗಿ ನೂರು ವರ್ಷ ದಾಟಿದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆ ಓದಿಸಿ, ತಪ್ಪು ಕಂಡರೆ ಎದ್ದು ನಿಂತು ಕೇಳುವ ರೂಢಿ ನಮ್ಮಲ್ಲಿ ಹಳೆಯದು. ಈಗ ಇದೇ ಊರುಗಳ ಹುಡುಗರು ಮೊಬೈಲಿನಲ್ಲಿ ಶೇರು ಕೊಳ್ಳುತ್ತಾರೆ, ಮ್ಯೂಚುವಲ್ ಫಂಡಿಗೆ ತಿಂಗಳಿಗೆ ಐನೂರೋ ಸಾವಿರವೋ ರೂಪಾಯಿ ಎಸ್‌ಐಪಿ ಕಟ್ಟುತ್ತಾರೆ. ನನ್ನ ಅಣ್ಣನ ಮಗ ಒಂದು ಸಂಜೆ ಫೋನು ಹಿಡಿದುಕೊಂಡೇ ಕೇಳಿದ: “ಕಾಕಾ, ಕಂಪನಿ ಪುಸ್ತಕದಾಗ ಒಂದ್ ಶೇರಿನ ಬೆಲಿ ಇಷ್ಟ ಐತಿ. ಪ್ಯಾಟ್ಯಾಗ ಅದರ ಆರೇಳು ಪಟ್ಟು ಐತಿ. ನಡುವಿನ ರೊಕ್ಕ ಎಲ್ಲೈತಿ?”

ಬಹಳ ಸರಿಯಾದ ಪ್ರಶ್ನೆ. ಆ ನಡುವಿನ ರೊಕ್ಕದಲ್ಲಿ ಒಂದಿಷ್ಟು ಪೇಟೆಯ ಹುಮ್ಮಸ್ಸು, ಉಳಿದದ್ದರಲ್ಲಿ ಬಹುಪಾಲು ಜ್ಞಾನ. ಎಂಜಿನಿಯರರ ಪಳಗಿದ ಕೈ, ಗಿರಾಕಿಗಳ ನಂಬಿಕೆ, ಕೆಲಸ ಮಾಡುವ ಪದ್ಧತಿ, ಪೇಟೆಂಟು, ಹೆಸರು. ಇವು ಯಾವುವೂ ಕಂಪನಿಯ ಅಢಾವೆ ಪತ್ರಿಕೆಯಲ್ಲಿ ಇರುವುದಿಲ್ಲ. ಇದ್ದರೂ ಅಲ್ಪಸ್ವಲ್ಪ.

ಇದು ಕಂಪನಿಗಳ ಕಳ್ಳಾಟ ಎಂದು ತಿಳಿಯಬಾರದು. ಲೆಕ್ಕಶಾಸ್ತ್ರದ ನಿಯಮವೇ ಹಾಗಿದೆ. ನಮ್ಮ ದೇಶದಲ್ಲಿ ಕಣ್ಣಿಗೆ ಕಾಣದ ಆಸ್ತಿಯ ಲೆಕ್ಕಕ್ಕೆ ದೊಡ್ಡ ಕಂಪನಿಗಳು ಅನುಸರಿಸುವುದು ಇಂಡ್ ಎಎಸ್ 38 ಎಂಬ ಮಾನದಂಡವನ್ನು. ಒಂದು ವಸ್ತು ಆಸ್ತಿ ಎನಿಸಿಕೊಳ್ಳಲು ಅದು ಕಂಪನಿಯ ಹಿಡಿತದಲ್ಲಿರಬೇಕು, ಅದರಿಂದ ಮುಂದೆ ಲಾಭ ಬರುವಂತಿರಬೇಕು, ಅದಕ್ಕೆ ತಗುಲಿದ ಖರ್ಚನ್ನು ನಂಬುವಂತೆ ಅಳೆಯಲು ಬರಬೇಕು. ನೌಕರ ಇವತ್ತು ರಾಜೀನಾಮೆ ಕೊಟ್ಟು ನಾಳೆ ಎದುರಿನ ಕಂಪನಿಗೆ ಹೋಗಬಹುದು. ಆದ್ದರಿಂದ ಅವನ ವಿದ್ಯೆ ಕಂಪನಿಯ ಹಿಡಿತದಲ್ಲಿಲ್ಲ ಎಂಬುದು ನಿಯಮದ ವಾದ. ಸ್ವಂತವಾಗಿ ಬೆಳೆಸಿದ ಬ್ರ್ಯಾಂಡಿಗೂ ಗಿರಾಕಿಗಳ ಪಟ್ಟಿಗೂ ಪುಸ್ತಕದಲ್ಲಿ ಜಾಗವಿಲ್ಲ. ಸಂಶೋಧನೆಯ ಖರ್ಚು ಅದೇ ವರ್ಷದ ಲಾಭ-ಹಾನಿ ಪತ್ರಿಕೆಯಲ್ಲಿ ಕರಗಿಹೋಗುತ್ತದೆ. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೊಸಿಸ್ ಕಟ್ಟಿದ ದೊಡ್ಡ ತರಬೇತಿ ಕೇಂದ್ರವನ್ನು ನೆನೆಯಿರಿ. ಅಲ್ಲಿನ ಕಟ್ಟಡ, ಮೇಜು, ಕಂಪ್ಯೂಟರು ಎಲ್ಲವೂ ಆಸ್ತಿ, ವರ್ಷವರ್ಷ ಸವಕಳಿ ಕಳೆಯುತ್ತಾರೆ. ಆ ಕಟ್ಟಡದೊಳಗೆ ಕೂತು ಸಾವಿರಾರು ಹುಡುಗ ಹುಡುಗಿಯರು ಕಲಿತ ವಿದ್ಯೆ ಮಾತ್ರ ಖರ್ಚು.

ಆದರೆ ಅದೇ ವಿದ್ಯೆಯನ್ನು ಕೊಂಡು ತಂದರೆ ಕತೆಯೇ ಬೇರೆ. ಬೆಂಗಳೂರಿನ ವಿಪ್ರೊ ಕಂಪನಿ 2021ರಲ್ಲಿ ಕ್ಯಾಪ್ಕೊ ಎಂಬ ಸಲಹಾ ಸಂಸ್ಥೆಯನ್ನು 145 ಕೋಟಿ ಡಾಲರಿಗೆ ಕೊಂಡಿತು. ಬ್ಯಾಂಕುಗಳಿಗೆ ಸಲಹೆ ಕೊಡುವ ಸಂಸ್ಥೆಯಲ್ಲಿ ಗಿರಣಿ, ಗೋದಾಮು ಇರುವುದಿಲ್ಲ, ತಿಳಿದ ಜನ ಇರುತ್ತಾರೆ. ಹೀಗೆ ಕೊಂಡಾಗ ಕೊಟ್ಟ ಹಣ ಗುಡ್‌ವಿಲ್ ಎಂದೂ ಗಿರಾಕಿ ಸಂಬಂಧ ಎಂದೂ ಹೆಸರು ಪಡೆದು ಆಸ್ತಿಯ ಬದಿಗೆ ಕೂಡುತ್ತದೆ. ಅಂಥದೇ ಜನರನ್ನು ವಿಪ್ರೊ ಸರ್ಜಾಪುರ ರಸ್ತೆಯ ತನ್ನ ಕಚೇರಿಯಲ್ಲೇ ಇಪ್ಪತ್ತು ವರ್ಷ ಬೆಳೆಸಿದ್ದರೆ ಪುಸ್ತಕದಲ್ಲಿ ಅವರಿಗೆ ಸೊನ್ನೆ. ಎರಡು ಕಂಪನಿಗಳ ಪುಸ್ತಕ ಪಕ್ಕಪಕ್ಕದಲ್ಲಿಟ್ಟು ನೋಡುವ ಸಣ್ಣ ಹೂಡಿಕೆದಾರನಿಗೆ ಕೊಂಡವನು ಶ್ರೀಮಂತನಾಗಿ, ಬೆಳೆಸಿದವನು ಬಡವನಾಗಿ ಕಾಣುತ್ತಾನೆ. ಇದು ಅನ್ಯಾಯ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಪುಸ್ತಕದಲ್ಲಿ ಇಲ್ಲದ ಜ್ಞಾನ ಎಷ್ಟು ತೂಕದ್ದು ಎಂಬುದನ್ನು ನಾನು ಕಲಿತದ್ದು ಸಾಫ್ಟ್‌ವೇರ್ ಕಂಪನಿಯಿಂದಲ್ಲ. ಶಿರಹಟ್ಟಿ ಸೀಮೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ನಾನು ತಪಾಸಣೆಗೆ ಹೋಗುತ್ತಿದ್ದೆ. ಹಂಚಿನ ಕಟ್ಟಡ, ಗೊಬ್ಬರದ ಗೋದಾಮು, ಒಂದು ತಿಜೋರಿ, ತೂಕದ ಕಾಟಾ, ನಾಲ್ಕು ಕುರ್ಚಿ. ಆಸ್ತಿಯ ಬದಿಗೆ ಬರೆಯಲು ಅಷ್ಟೇ. ಆದರೂ ಆ ಸಂಘದ ಸಾಲ ವಸೂಲಿ ಸುತ್ತಲಿನ ಎಲ್ಲ ಸಂಘಗಳಿಗಿಂತ ಚೆನ್ನಾಗಿತ್ತು, ವರ್ಷವರ್ಷ ‘ಅ’ ವರ್ಗ ಪಡೆಯುತ್ತಿತ್ತು. ಕಾರಣ ಅಲ್ಲಿನ ಕಾರ್ಯದರ್ಶಿ. ಮಗ್ಗುಲ ಚೀಲದಲ್ಲಿ ಅವರದೊಂದು ಉದ್ದನೆಯ ವಹಿ ಇರುತ್ತಿತ್ತು, ಸಂಘದ ದಫ್ತರಿಗೆ ಸೇರದ್ದು. ಯಾರ ಹೊಲದಲ್ಲಿ ಏನು ಬಿತ್ತಿದೆ, ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾರ ಮಾಲು ಯಾವ ದಲಾಲರ ಅಂಗಡಿಗೆ ಹೋಗುತ್ತದೆ ಎಂದೆಲ್ಲ ಅದರಲ್ಲಿ ಪೆನ್ಸಿಲಿನಿಂದ ಬರೆದಿರುತ್ತಿದ್ದರು. ನಾನು ಕೇಳಿದಾಗ ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ:

“ಸಾಹೇಬ್ರ, ಉಳ್ಳಾಗಡ್ಡಿ ಬೆಳದವ್ನ ಕೈಯಾಗ ರೊಕ್ಕ ಇರೂದು ಲಾರಿ ಬೆಂಗಳೂರಿಂದ ತಿರುಗಿ ಬಂದ ಮ್ಯಾಲೆ ನಾಕ ದಿನ ಅಷ್ಟ. ಮೆಣಸಿನಕಾಯಿ ಬೆಳದವ್ಗ ಬ್ಯಾಡಗಿ ಪ್ಯಾಟಿ ಪಟ್ಟಿ ಬಂದ ವಾರ. ಆ ವಾರ ನಾ ಅವ್ನ ಕಟ್ಟಿ ಮ್ಯಾಲೆ ಹೋಗಿ ಕುಂತಿರಬೇಕ್ರಿ. ಮುಂದಿನ ವಾರ ಹೋದ್ರ ಬರೇ ಚಾ ಸಿಗತೈತಿ.”

ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹುಡುಗ ಪ್ರಾಮಾಣಿಕ, ಕಂಪ್ಯೂಟರು ಬಲ್ಲವನು, ನೋಟಿಸನ್ನು ತಾರೀಖಿಗೆ ಸರಿಯಾಗಿ ಕಳಿಸುವವನು. ಆದರೂ ಎರಡೇ ಹಂಗಾಮಿನಲ್ಲಿ ಕಟಬಾಕಿ ಏರಿತು. ಕಟ್ಟಡ ಇದ್ದಲ್ಲೇ ಇತ್ತು, ತಿಜೋರಿ ಇದ್ದಲ್ಲೇ ಇತ್ತು, ಅಢಾವೆ ಪತ್ರಿಕೆಯ ಆಸ್ತಿ ಬದಿಗೆ ಒಂದು ಸಾಲೂ ಬದಲಾಗಿರಲಿಲ್ಲ. ಸಂಘದ ನಿಜವಾದ ಬಂಡವಾಳ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿತ್ತು. ಅದನ್ನು ಶೇರುದಾರರಿಗೆ ಮೊದಲೇ ತಿಳಿಸುವ ಕಾಲಮ್ಮು ನಮ್ಮ ತಪಾಸಣೆ ವರದಿಯ ನಮೂನೆಯಲ್ಲಿ ಇರಲಿಲ್ಲ. ಕಾರ್ಯದರ್ಶಿ ಇನ್ನು ಎರಡು ವರ್ಷಕ್ಕೆ ನಿವೃತ್ತಿ, ಕೈಕೆಳಗೆ ಯಾರೂ ಕಲಿತಿಲ್ಲ ಎಂದು ಒಂದು ಸಾಲು ಬರೆಯಲು ಅವಕಾಶವಿದ್ದಿದ್ದರೆ ಆಡಳಿತ ಮಂಡಳಿ ಏನಾದರೂ ಮಾಡುತ್ತಿತ್ತು. ಆ ಕಾರ್ಯದರ್ಶಿಯ ಮೌಲ್ಯ ಇಷ್ಟು ಲಕ್ಷ ರೂಪಾಯಿ ಎಂದು ಬರೆದಿದ್ದರೆ ಯಾರಿಗೂ ಏನೂ ಪ್ರಯೋಜನ ಆಗುತ್ತಿರಲಿಲ್ಲ.

ಹೂಡಿಕೆದಾರನಿಗೆ ಜ್ಞಾನದ ಬೆಲೆ ಎಷ್ಟು ಎಂದು ಹೇಳಬೇಡಿ. ಜ್ಞಾನ ಯಾರಲ್ಲಿದೆ, ಎಷ್ಟು ದಿನ ಇರುತ್ತದೆ, ಎಷ್ಟು ಸೋರಿಹೋಗುತ್ತಿದೆ ಎಂದು ಹೇಳಿ. ಈ ಬರಹದ ವಾದ ಇದೇ.

ಬೆಲೆ ಕಟ್ಟುವುದು, ಹೀಗೆ ಲೆಕ್ಕ ಕೊಡುವುದು ಎರಡನ್ನೂ ಇನ್ಫೊಸಿಸ್ ಮಾಡಿತ್ತು ಎಂಬುದು ಕುತೂಹಲದ ಸಂಗತಿ. ನಮ್ಮ ಆಸ್ತಿ ಸಂಜೆಯಾದರೆ ಗೇಟು ದಾಟಿ ಮನೆಗೆ ಹೋಗುತ್ತದೆ, ಮರುದಿನ ಅದು ಮರಳಿ ಬರುವಂತೆ ನೋಡಿಕೊಳ್ಳಬೇಕು ಎಂಬರ್ಥದ ಮಾತನ್ನು ಅದರ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ಮತ್ತೆ ಮತ್ತೆ ಹೇಳುತ್ತಿದ್ದರು. 1993ರಲ್ಲಿ ಶೇರುಪೇಟೆಗೆ ಬಂದು, 1999ರಲ್ಲಿ ಅಮೆರಿಕದ ನಾಸ್ಡಾಕ್ ಸೇರಿದ ಈ ಕಂಪನಿ ಪುಸ್ತಕಕ್ಕೆ ಬಾರದ ಆಸ್ತಿಯನ್ನು ಹೂಡಿಕೆದಾರರಿಗೆ ತೋರಿಸಲು ಅದೇ ದಶಕದಲ್ಲಿ ಮುಂದಾಯಿತು. ದೇಶದಲ್ಲಿ ನೌಕರರ ಮೌಲ್ಯದ ಲೆಕ್ಕವನ್ನು ಅದಕ್ಕಿಂತ ಮೊದಲೇ, 1970ರ ದಶಕದಲ್ಲಿ, ಸರ್ಕಾರಿ ಸಂಸ್ಥೆ ಬಿಎಚ್‌ಇಎಲ್ ಕೊಟ್ಟಿತ್ತು. ಆದರೆ ಅದನ್ನು ಶೇರುದಾರರ ಮನೆಮಾತು ಮಾಡಿದ್ದು ಇನ್ಫೊಸಿಸ್.

ಬೆಲೆ ಕಟ್ಟಲು ಅದು ಬಳಸಿದ ವಿಧಾನ 1971ರಲ್ಲಿ ಬರೂಕ್ ಲೆವ್ ಮತ್ತು ಅಬಾ ಶ್ವಾರ್ಟ್ಜ್ ಎಂಬ ಇಬ್ಬರು ವಿದ್ವಾಂಸರು ಮುಂದಿಟ್ಟದ್ದು. ಒಬ್ಬ ನೌಕರ ನಿವೃತ್ತನಾಗುವವರೆಗೆ ಪಡೆಯಲಿರುವ ಸಂಬಳವನ್ನೆಲ್ಲ ಅಂದಾಜು ಮಾಡಿ ಅದನ್ನು ಇಂದಿನ ಬೆಲೆಗೆ ಇಳಿಸುವುದು. ಇಪ್ಪತ್ತು ವರ್ಷದ ಆಚೆ ಸಿಗುವ ಒಂದು ಲಕ್ಷ ರೂಪಾಯಿಗೆ ಶೇ 15ರ ದರದಲ್ಲಿ ಇಂದಿನ ಬೆಲೆ ಸುಮಾರು 6,100 ರೂಪಾಯಿ. ಶೇ 13ರ ದರದಲ್ಲಿ ಸುಮಾರು 8,700. ಎರಡೇ ಅಂಶ ದರ ಇಳಿದರೆ ಬೆಲೆ ಶೇ 40ಕ್ಕೂ ಮಿಕ್ಕಿ ಏರುತ್ತದೆ. ಅಲ್ಲಿಗೆ, ಮೇಲೆ ಹೇಳಿದ ಶೇ 72ರ ಏರಿಕೆಯಲ್ಲಿ ವಿದ್ಯೆಯ ಪಾಲು ಎಷ್ಟು, ಬಡ್ಡಿದರದ ಪಾಲು ಎಷ್ಟು ಎಂದು ಓದುಗ ಬೇರ್ಪಡಿಸಲಾರ. ಇನ್ನೂ ದೊಡ್ಡ ಕೊರತೆ ಎಂದರೆ, ನೌಕರ ನಿವೃತ್ತಿಯವರೆಗೂ ಇಲ್ಲೇ ಇರುತ್ತಾನೆ ಎಂದು ಈ ಲೆಕ್ಕ ನಂಬಿಕೊಳ್ಳುತ್ತದೆ. ಕೆಲಸ ಬಿಡುವುದೇ ರೂಢಿಯಾದ ಉದ್ಯಮದಲ್ಲಿ ಈ ನಂಬಿಕೆಗೆ ನೆಲೆಯಿಲ್ಲ. ಸಂಬಳವೇ ಮೌಲ್ಯ ಎಂದಾದರೆ ಸಂಬಳ ಏರಿಸಿದ ಕಂಪನಿಯ ಜನರೆಲ್ಲ ಆ ದಿನವೇ ಜಾಣರಾಗಬೇಕು!

ಆದರೆ ಅದೇ ವರದಿಗಳಲ್ಲಿ ಇನ್ನೊಂದು ಪಟ್ಟಿಯೂ ಇರುತ್ತಿತ್ತು, ನನಗೆ ಅದರ ಮೇಲೆ ಗೌರವ. ಸ್ವೀಡನ್ನಿನ ಕಾರ್ಲ್-ಎರಿಕ್ ಸ್ವೇಬಿ ಎಂಬುವರ ಮಾದರಿ ಹಿಡಿದು ಮಾಡಿದ ಅಂಕಪಟ್ಟಿ ಅದು. ಗಿರಾಕಿಗಳು, ಸಂಸ್ಥೆ, ಜನ ಎಂದು ಮೂರು ಭಾಗ. ಅತಿ ದೊಡ್ಡ ಗಿರಾಕಿಯಿಂದ ಬರುವ ಆದಾಯ ಶೇಕಡಾ ಎಷ್ಟು, ಹಳೆಯ ಗಿರಾಕಿಗಳೇ ಮತ್ತೆ ಕೊಟ್ಟ ಕೆಲಸ ಎಷ್ಟು, ನೌಕರರ ಸರಾಸರಿ ವಯಸ್ಸು ಎಷ್ಟು, ಅವರ ಓದಿನ ಮಟ್ಟವೇನು ಎಂಬ ಅಂಕಿಗಳು. ರೂಪಾಯಿಯಲ್ಲಿ ಬೆಲೆ ಕಟ್ಟುವ ಗೊಡವೆಯಿಲ್ಲ, ಎಣಿಸಿ ತಾಳೆ ನೋಡಬಹುದಾದ ಸಂಗತಿಗಳು, ಹಿಂದಿನ ವರ್ಷದ ಪಕ್ಕದಲ್ಲೇ ಈ ವರ್ಷದ್ದು. ಒಬ್ಬ ಲೆಕ್ಕ ತಪಾಸಿಗನಿಗೆ ಬೇಕಾದದ್ದು ಇದೇ. ಜನ ಮಾತಾಡಿದ್ದು ಮಾತ್ರ ಸಾವಿರಾರು ಕೋಟಿಯ ದೊಡ್ಡ ಅಂಕಿಯ ಬಗ್ಗೆ. ನೌಕರರಿಗೆ ಬೆಲೆ ಕಟ್ಟುವ ಆ ಲೆಕ್ಕ ಈಗಿನ ವರದಿಗಳಲ್ಲಿ ಕಾಣುವುದಿಲ್ಲ. ಹೋದದ್ದು ಒಳ್ಳೆಯದೇ ಆಯಿತು. ಅಂಕಪಟ್ಟಿ ಮಾತ್ರ ಉಳಿದು, ಎಲ್ಲ ಕಂಪನಿಗಳಿಗೂ ಹಬ್ಬಬೇಕಿತ್ತು.

ಬೆಲೆ ಕಟ್ಟುವ ಹುಚ್ಚು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೂ ಬೆಂಗಳೂರಿನದೇ ನಿದರ್ಶನವಿದೆ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಶುರುಮಾಡಿತು. ಅದರ ಬ್ರ್ಯಾಂಡಿಗೆ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೆಲೆ ಕಟ್ಟಲಾಗಿತ್ತು, ಬ್ಯಾಂಕುಗಳು ಆ ಹೆಸರನ್ನು ಅಡಮಾನವಾಗಿ ಇಟ್ಟುಕೊಂಡಿದ್ದವು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ತಿಂಗಳುಗಟ್ಟಲೆ ಸಂಬಳ ಕಾಣದ ಪೈಲಟ್ಟುಗಳು, ಎಂಜಿನಿಯರುಗಳು ಚದುರಿಹೋದರು. 2016ರ ಏಪ್ರಿಲಿನಲ್ಲಿ ಬ್ಯಾಂಕುಗಳು ಆ ಹೆಸರು ಮತ್ತು ಲಾಂಛನಗಳನ್ನು 366.70 ಕೋಟಿ ರೂಪಾಯಿಯ ಕನಿಷ್ಠ ಬೆಲೆಗೆ ಹರಾಜಿಗಿಟ್ಟವು. ಒಬ್ಬನೂ ಸವಾಲು ಕೂಗಲಿಲ್ಲ. ಅದೇ ವರ್ಷ ಬೆಲೆ ಇಳಿಸಿ ಮತ್ತೆ ಹರಾಜು ಕರೆದರು, ಆಗಲೂ ಯಾರೂ ಬರಲಿಲ್ಲ. ವಿಮಾನ ಹಾರಿಸಬಲ್ಲವರು, ರಿಪೇರಿ ಮಾಡಬಲ್ಲವರು ಇದ್ದಾಗ ಮಾತ್ರ ಆ ಹೆಸರಿಗೆ ಬೆಲೆ ಇತ್ತು. ಹೆಸರಿಗೆ ಬೆಲೆ ಕಟ್ಟಿದವರು ಜನರನ್ನು ಎಣಿಸಲಿಲ್ಲ.

ನಮ್ಮ ಊರಿನ ರೈತರಿಗೆ ಇನ್ನೂ ಹತ್ತಿರದ ಒಂದು ಲೆಕ್ಕ ಹೇಳುತ್ತೇನೆ. ಎರಿ ಹೊಲಕ್ಕೆ ತರುವ ಬಿಟಿ ಹತ್ತಿಯ ಬೀಜದ ಪಾಕೀಟು. ಅದರ ಬೆಲೆಯಲ್ಲಿ ಬೀಜ ಬೆಳೆದ ಖರ್ಚು ಬೇರೆ, ಆ ಬೀಜದೊಳಗಿನ ತಂತ್ರಜ್ಞಾನಕ್ಕೆ ಕೊಡುವ ದುಡ್ಡು ಬೇರೆ ಇರುತ್ತಿತ್ತು. 2016ರಿಂದ ಕೇಂದ್ರ ಸರ್ಕಾರವೇ ಎರಡನ್ನೂ ನಿಗದಿ ಮಾಡತೊಡಗಿತು. ಆ ವರ್ಷ ಬಿಜಿ-2 ಎಂಬ ಬಿಟಿ ಬೀಜದ ಪಾಕೀಟಿನ ಗರಿಷ್ಠ ಬೆಲೆ 800 ರೂಪಾಯಿ, ಅದರಲ್ಲಿ ತಂತ್ರಜ್ಞಾನದ ಪಾಲು 49. 2018ರಲ್ಲಿ ಆ ಪಾಲು 39 ಆಯಿತು, 2019ರಲ್ಲಿ 20, 2020ರಲ್ಲಿ ಸೊನ್ನೆ. ಹೊಲ ಅದೇ, ಬೀಜ ಅದೇ, ಬೀಜದೊಳಗಿನ ಜೀನು ಅದೇ. ಆದರೆ ಗುಲಾಬಿ ಕಾಯಿಕೊರಕ ಆ ಜೀನಿಗೆ ಬಗ್ಗದಂತಾಗಿತ್ತು, ಸರ್ಕಾರದ ಆದೇಶವೂ ಬಂತು. ಇಂಥ ಹಕ್ಕಿನ ಮೇಲೆ ನಿಂತ ಕಂಪನಿಯ ಶೇರು ಕೊಳ್ಳುವವನಿಗೆ ಆ ಹಕ್ಕಿನ ಮೌಲ್ಯ ಇಷ್ಟು ಕೋಟಿ ಎಂಬ ಮಾತು ಯಾತಕ್ಕೂ ಬಾರದು. ಆದಾಯದಲ್ಲಿ ಈ ಒಂದು ಹಕ್ಕಿನ ಪಾಲೆಷ್ಟು, ಪೇಟೆಂಟಿನ 20 ವರ್ಷದಲ್ಲಿ ಉಳಿದದ್ದೆಷ್ಟು, ಹೊಲದಲ್ಲಿ ಅದು ಇನ್ನೂ ಕೆಲಸ ಮಾಡುತ್ತಿದೆಯೆ ಎಂಬ ಮೂರು ಉತ್ತರ ಸಾಕು.

ಎಲ್‌ಐಸಿಯ ವಿಷಯವೂ ಹಾಗೆಯೇ. 2022ರ ಮೇ ತಿಂಗಳಲ್ಲಿ ಅದರ ಶೇರು ಬಂದಾಗ ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಇತ್ತು. 949 ರೂಪಾಯಿಗೆ ಹಂಚಿದ ಶೇರು ಪೇಟೆಗೆ ಬಂದ ದಿನವೇ ಅದಕ್ಕಿಂತ ಕೆಳಗಿತ್ತು. ಆ ಬೆಲೆಯ ಹಿಂದೆ 5,39,686 ಕೋಟಿ ರೂಪಾಯಿಯ ಒಂದು ಅಂದಾಜು ಇತ್ತು. ಈಗಿರುವ ಪಾಲಿಸಿಗಳಿಂದ ಮುಂದೆ ಬರುವ ಲಾಭವನ್ನೂ ಸೇರಿಸಿ ಗಣಿತಜ್ಞರು ಮಾಡಿದ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಎಲ್‌ಐಸಿ ನಿಂತಿರುವುದು 13 ಲಕ್ಷಕ್ಕೂ ಹೆಚ್ಚು ಏಜೆಂಟರ ಮೇಲೆ. ಹಳ್ಳಿಯ ಏಜೆಂಟನಿಗೆ ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಸುಗ್ಗಿ ಮುಗಿಯಿತು, ಯಾರಿಗೆ ಕಂತು ತುಂಬಲು ಈ ತಿಂಗಳು ಆಗದು ಎಂಬುದೆಲ್ಲ ಗೊತ್ತು. ಆ ಏಜೆಂಟರಲ್ಲಿ ಎಷ್ಟು ಜನ ಹತ್ತು ವರ್ಷ ದಾಟಿದವರು, ಅವರು ತಂದ ಪಾಲಿಸಿಗಳಲ್ಲಿ ಎಷ್ಟು ನಡುವೆಯೇ ನಿಂತುಹೋಗುತ್ತವೆ ಎಂಬುದೇ ಶೇರುದಾರನಿಗೆ ಬೇಕಾದ ಸುದ್ದಿ. ಪಾಲಿಸಿ ಎಷ್ಟು ಕಾಲ ಉಳಿಯುತ್ತದೆ ಎಂಬ ಅಂಕಿಯನ್ನು ವಿಮಾ ಕಂಪನಿಗಳು ಕೊಡುತ್ತವೆ. ಏಜೆಂಟ್ ಎಷ್ಟು ಕಾಲ ಉಳಿಯುತ್ತಾನೆ ಎಂಬುದನ್ನೂ ಅದರ ಪಕ್ಕದಲ್ಲೇ ಕೊಡಲಿ.

ಹೊರದೇಶಗಳಲ್ಲಿ ಈ ಪ್ರಯತ್ನ ಹಳೆಯದು. ಸ್ವೀಡನ್ನಿನ ವಿಮಾ ಕಂಪನಿ ಸ್ಕಾಂಡಿಯಾ 1990ರ ದಶಕದಲ್ಲಿ ಬೌದ್ಧಿಕ ಬಂಡವಾಳದ ವರದಿಯನ್ನು ಪ್ರತ್ಯೇಕವಾಗಿ ಅಚ್ಚುಹಾಕಿ ಜಗತ್ತಿನ ಗಮನ ಸೆಳೆಯಿತು. ಮುಂದಿನ ದಶಕದಲ್ಲಿ ಅದೇ ಕಂಪನಿ ಹಗರಣಕ್ಕೆ ಸಿಕ್ಕಿ ಕೈಬದಲಾಯಿತು. ಚಂದದ ವರದಿಯೊಂದೇ ಕಂಪನಿಯನ್ನು ಕಾಯುವುದಿಲ್ಲ. ಆಸ್ಟ್ರಿಯಾ ದೇಶ ತನ್ನ ವಿಶ್ವವಿದ್ಯಾಲಯಗಳು ಜ್ಞಾನದ ಅಢಾವೆ ಪತ್ರಿಕೆ ಕೊಡಬೇಕೆಂದು 2002ರ ಕಾಯ್ದೆಯಲ್ಲೇ ಬರೆಯಿತು. 

ನಮ್ಮಲ್ಲಿ ಏನೂ ಆಗಿಲ್ಲ ಎಂದಲ್ಲ. ಶೇರುಪೇಟೆಯ ಅತಿ ದೊಡ್ಡ ಸಾವಿರ ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿ ಕೊಡಲೇಬೇಕು ಎಂದು ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ವಿಧಿಸಿದೆ. ಕೆಲಸ ಬಿಟ್ಟವರ ಪ್ರಮಾಣವನ್ನು ಮೂರು ವರ್ಷಗಳದ್ದು ಒಟ್ಟಿಗೆ, ಗಂಡಸರು ಹೆಂಗಸರು ಬೇರೆ ಬೇರೆಯಾಗಿ ಕೊಡಬೇಕು. ಕೌಶಲ ತರಬೇತಿ ಪಡೆದವರು ಎಷ್ಟು ಎಂದೂ ಹೇಳಬೇಕು. ಇದು ಒಳ್ಳೆಯ ಆರಂಭ. ಇದೇ ವರದಿಯ ಆಯ್ದ ಭಾಗಗಳನ್ನು, ಅಂದರೆ ಇಂಗಾಲ, ನೀರು, ವಿದ್ಯುತ್ತು, ನೌಕರರ ಸುರಕ್ಷತೆ ಮೊದಲಾದವನ್ನು, ಹೊರಗಿನವರು ತಪಾಸಣೆ ಮಾಡಬೇಕೆಂಬ ನಿಯಮವೂ ಹಂತಹಂತವಾಗಿ ಬರುತ್ತಿದೆ. ಆ ಆಯ್ದ ಪಟ್ಟಿಯಲ್ಲಿ ಕಂಪನಿಯ ಜ್ಞಾನಕ್ಕೆ ಜಾಗ ಸಿಕ್ಕಿಲ್ಲ. ಕಂಪನಿ ಎಷ್ಟು ನೀರು ಬಳಸಿತು ಎಂದು ತಾಳೆ ನೋಡುವವರು ಇರುವಾಗ ಎಷ್ಟು ವಿದ್ಯೆ ಕಳೆದುಕೊಂಡಿತು ಎಂದು ತಾಳೆ ನೋಡುವವರು ಏಕೆ ಬೇಡ?

ಈಗ ಕೊಡುವ ಅಂಕಿಯೂ ಒರಟು. ಇನ್ಫೊಸಿಸ್‌ನಲ್ಲಿ ತಾವಾಗಿಯೇ ಕೆಲಸ ಬಿಟ್ಟವರ ಪ್ರಮಾಣ 2022ರ ಜೂನ್ ಹೊತ್ತಿಗೆ ಶೇ 28.4ಕ್ಕೆ ಏರಿತ್ತು. 2024ರ ಮಾರ್ಚಿಗೆ ಶೇ 12.6ಕ್ಕೆ ಇಳಿಯಿತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಿಟ್ಟುಹೋದ ವರ್ಷದಲ್ಲಿ ಹೋದವರು ಯಾರು? ಆರು ತಿಂಗಳ ಹಿಂದೆ ಸೇರಿದ ಹುಡುಗರೋ, ಹನ್ನೆರಡು ವರ್ಷ ಒಂದೇ ಬ್ಯಾಂಕಿನ ಕೆಲಸ ನೋಡಿಕೊಂಡು ಅದರ ಮೂಲೆಮೂಲೆ ಬಲ್ಲವರೋ? ಮೊದಲನೆಯದಾದರೆ ಮೈಸೂರಿನಲ್ಲಿ ಇನ್ನೊಂದು ತಂಡ ತಯಾರಾಗುತ್ತದೆ. ಎರಡನೆಯದಾದರೆ ಶಿರಹಟ್ಟಿಯ ಆ ಸಂಘದ ಗತಿ. ಶೇ 28.4 ಎಂಬ ಒಂದೇ ಅಂಕಿ ಇದನ್ನು ಹೇಳುವುದಿಲ್ಲ.

ಆದ್ದರಿಂದ ಸೆಬಿಗೆ ನನ್ನ ಬೇಡಿಕೆ ಸಣ್ಣದು, ಖಚಿತವಾದದ್ದು. ಕೆಲಸ ಬಿಟ್ಟವರ ಲೆಕ್ಕವನ್ನು ಅವರ ಅನುಭವದ ವರ್ಷಗಳ ಪ್ರಕಾರ ಒಡೆದು ಕೊಡಿಸಿ. ತರಬೇತಿಗೆ ಆದ ಖರ್ಚನ್ನು ಸಂಬಳದ ರಾಶಿಯಿಂದ ಬೇರ್ಪಡಿಸಿ ತೋರಿಸಲಿ. ಆದಾಯದ ದೊಡ್ಡ ಪಾಲು ತರುವ ಪೇಟೆಂಟು, ಪರವಾನಗಿಗಳು ಯಾವ ವರ್ಷ ಮುಗಿಯುತ್ತವೆ ಎಂದು ಬರೆಯಲಿ. ಒಮ್ಮೆ ಆರಿಸಿಕೊಂಡ ಅಳತೆಯನ್ನು ಕೆಟ್ಟ ವರ್ಷ ಬಂದಾಗ ಕೈಬಿಡುವಂತಿಲ್ಲ ಎಂಬ ಷರತ್ತೂ ಇರಲಿ, ಏಕೆಂದರೆ ಒಳ್ಳೆಯ ವರ್ಷದಲ್ಲಿ ಮಾತ್ರ ಕಾಣುವ ಅಂಕಿ ಜಾಹೀರಾತು. ಈ ಎಲ್ಲಕ್ಕೂ ಹೊರಗಿನ ತಪಾಸಿಗರ ಸಹಿ ಬೇಕು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರೇ ಒಪ್ಪಿಕೊಂಡಂತೆ ಇಲ್ಲದ 5,040 ಕೋಟಿ ರೂಪಾಯಿ ನಗದು ಅದರ ಪುಸ್ತಕದಲ್ಲಿತ್ತು. ಎಣಿಸಬಹುದಾದ ನಗದಿನಲ್ಲೇ ಹೀಗಾದರೆ ಎಣಿಸಲು ಕಷ್ಟವಾದ ಜ್ಞಾನದಲ್ಲಿ ತಪಾಸಣೆ ಇನ್ನೂ ಬಿಗಿಯಾಗಿರಬೇಕು.

ಇದನ್ನೆಲ್ಲ ಹೇಳಿದರೆ ಪ್ರತಿಸ್ಪರ್ಧಿಗಳಿಗೆ ನಮ್ಮ ಗುಟ್ಟು ತಿಳಿಯುತ್ತದೆ ಎಂದು ಕಂಪನಿಗಳು ಅನ್ನುತ್ತವೆ. ಪ್ರತಿಸ್ಪರ್ಧಿಗಳಿಗೆ ಅದು ಮೊದಲೇ ಗೊತ್ತಿರುತ್ತದೆ, ಬಿಟ್ಟುಬಂದ ನೌಕರರೇ ಅವರಲ್ಲಿ ಕೆಲಸಕ್ಕಿರುತ್ತಾರೆ. ಗೊತ್ತಿಲ್ಲದವನು ಹಳ್ಳಿಯ ಶೇರುದಾರ ಒಬ್ಬನೇ. ಇನ್ಫೊಸಿಸ್ ವರ್ಷಗಟ್ಟಲೆ ತನ್ನ ಅಂಕಪಟ್ಟಿಯನ್ನು ಊರಿಗೆಲ್ಲ ತೋರಿಸಿತು. ಅದರಿಂದ ಅದು ಸೊರಗಲಿಲ್ಲ, ಅದೇ ವರ್ಷಗಳಲ್ಲಿ ಬೆಳೆಯಿತು.

ಭಾಷೆಯ ಮಾತನ್ನೂ ಹೇಳಲೇಬೇಕು. ಶೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿ ತನ್ನ ಹಣಕಾಸು ಫಲಿತಾಂಶದ ಜಾಹೀರಾತನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಒಂದು ಪತ್ರಿಕೆಯಲ್ಲೂ ಪ್ರಕಟಿಸಬೇಕು ಎಂಬುದು ಸೆಬಿಯ ನಿಯಮ. ಬೆಂಗಳೂರಿನ ಕಂಪನಿಗಳ ಫಲಿತಾಂಶದ ಜಾಹೀರಾತು ಕನ್ನಡ ಪತ್ರಿಕೆಗಳಲ್ಲಿ ಮೂರು ತಿಂಗಳಿಗೊಮ್ಮೆ ಬರುವುದು ಇದೇ ಕಾರಣಕ್ಕೆ. ಆದಾಯ, ಲಾಭ, ಪ್ರತಿ ಶೇರಿನ ಗಳಿಕೆ ಎಲ್ಲವೂ ಆ ಜಾಹೀರಾತಿನ ಚೌಕದೊಳಗೆ ಇರುತ್ತಿದ್ದವು. ಅದೇ ಚೌಕದಲ್ಲಿ ಇನ್ನೆರಡು ಸಾಲು ಸೇರಿಸುವುದಕ್ಕೆ ಏನು ಕಷ್ಟ? ಈ ತ್ರೈಮಾಸಿಕದಲ್ಲಿ ಕೆಲಸ ಬಿಟ್ಟವರಲ್ಲಿ ಐದು ವರ್ಷಕ್ಕೂ ಹೆಚ್ಚು ಅನುಭವದವರು ಇಷ್ಟು, ಅತಿ ದೊಡ್ಡ ಹತ್ತು ಗಿರಾಕಿಗಳಿಂದ ಬಂದ ಆದಾಯ ಶೇಕಡಾ ಇಷ್ಟು. ಇಂಗ್ಲಿಷ್ ವರದಿಯ ನೂರಾರು ಪುಟ ತಿರುವಲಾಗದ ಹೂಡಿಕೆದಾರನಿಗೆ ಈ ಎರಡು ಸಾಲು ಕನ್ನಡದಲ್ಲಿ ಸಿಕ್ಕರೆ ಕಂಪನಿಯ ಒಳಗಿನ ಸ್ಥಿತಿ ಅರ್ಧ ತಿಳಿಯುತ್ತದೆ.

ನಿಯಮ ಬರುವವರೆಗೆ ಕಾಯಬೇಕಾಗಿಲ್ಲ. ಈಗ ಬಹುತೇಕ ದೊಡ್ಡ ಕಂಪನಿಗಳ ವಾರ್ಷಿಕ ಸಭೆ ವಿಡಿಯೊ ಮೂಲಕ ನಡೆಯುತ್ತದೆ. ಮುಂಚಿತವಾಗಿ ಹೆಸರು ನೋಂದಾಯಿಸಿದ ಶೇರುದಾರ ಅಲ್ಲಿ ಮಾತಾಡಬಹುದು, ಒಂದೇ ಒಂದು ಶೇರಿದ್ದರೂ ಸಾಕು. ನಮ್ಮ ಸಂಘಗಳ ಸಭೆಯಲ್ಲಿ ಎದ್ದು ನಿಂತು ಕೇಳಿ ಗೊತ್ತಿರುವ ಜನ ನಾವು. ಸಭೆಯ ಸೂಚನೆ ಬಂದ ದಿನವೇ ಹೆಸರು ಕೊಡಿ. ಲಾಭಾಂಶ ಎಷ್ಟು ಎಂದು ಕೇಳುವ ಮೊದಲು, ಹೋದ ವರ್ಷ ಬಿಟ್ಟುಹೋದವರಲ್ಲಿ ಹತ್ತು ವರ್ಷ ದುಡಿದವರು ಎಷ್ಟು ಜನ, ಅವರ ಕೆಲಸ ಯಾರು ಕಲಿತಿದ್ದಾರೆ ಎಂದು ಕೇಳಿ. ಕನ್ನಡದಲ್ಲೇ ಕೇಳಿ.